ಹೊಗೆಯೂ ಹೊಸ ಯೋಚನೆಯೂ

ಪುಷ್ಯ ಮಾಸದ ಮುಂಜಾನೆ ಹಳಿಯಾಳ ತಾಲೂಕಿನ ತೇರಗಾಂವದ ಕಡೆಗೆ ಹೋದವರಿಗೆ ಒಂದು ನೋಟ ಕಾಣಸಿಗುವುದು. ಮನೆಮನೆಯ ಹಂಡೆಯ ಒಲೆಯಿಂದ, ಅಡಿಗೆಯ ಒಲೆಯಿಂದ ಎದ್ದ ಹೊಗೆ ಹೆಂಚಿನ ಸಂದಿಯಿಂದ ಹೊರಬಿದ್ದು ಮರದ ತುದಿಯವರೆಗೆ ನೆಟ್ಟಗೆ ಏರುತ್ತದೆ. ಅಲ್ಲಿಂದ ಮೇಲೆ ಹೋಗಲಾರದೆ, ಯಾರೋ ದುಪ್ಪಟಿ ಹಾಸಿದಂತೆ ಅಡ್ಡಡ್ಡಲಾಗಿ ಹರಡಿ ಊರ ಮೇಲೆಯೇ ನಿಲ್ಲುತ್ತದೆ. ಗದ್ದೆಯಲ್ಲಿ ಕಬ್ಬಿನ ರವದಿಗೆ ಬೆಂಕಿ ಇಟ್ಟಿದ್ದರೆ ಅದರ ಹೊಗೆಯೂ ಬಂದು ಇದರೊಡನೆ ಕೂಡಿಕೊಳ್ಳುತ್ತದೆ. ಬಿಸಿಲೇರಿದ ಮೇಲೆ ಈ ಹಾಸು ಕರಗಿ ಆಕಾಶ ಸ್ವಚ್ಛವಾಗುತ್ತದೆ. ನೋಡಲು ಚೆಲುವಾದ ದೃಶ್ಯವೇ ಸರಿ. ಆದರೆ ಅಷ್ಟು ಹೊತ್ತು ಆ ಊರಿನವರೆಲ್ಲ ಉಸಿರಾಡಿದ್ದು ಆ ಹಾಸಿನ ಕೆಳಗಿನ ಗಾಳಿಯನ್ನು.

ಹೊಗೆಯಿಂದ ಕಣ್ಣು ಉರಿಯುವುದು, ಕೆಮ್ಮು ಬರುವುದು, ವರ್ಷಗಟ್ಟಲೆ ಒಲೆಯ ಮುಂದೆ ಕುಳಿತ ತಾಯಂದಿರಿಗೆ ದಮ್ಮು ಹತ್ತುವುದು ಎಲ್ಲರಿಗೂ ಗೊತ್ತಿರುವ ಸಂಗತಿ. 1952ರ ಡಿಸೆಂಬರದಲ್ಲಿ ಲಂಡನ್ ನಗರದ ಮೇಲೆ ಕಲ್ಲಿದ್ದಲಿನ ಹೊಗೆ ಐದು ದಿನ ಕವಿದು ನಿಂತಾಗ ಸಾವಿರಾರು ಜನ ಸತ್ತರು; ಆ ದುರಂತದಿಂದ ಎಚ್ಚೆತ್ತು 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾನೂನು ಬಂದಿತು. ನಮ್ಮ ದೇಶದಲ್ಲಿಯೂ 1981ರಿಂದ ವಾಯುಮಾಲಿನ್ಯವನ್ನು ತಡೆಯುವ ಕಾಯಿದೆ ಇದೆ. ಇದೆಲ್ಲ ದೇಹದ ಮಾತಾಯಿತು. ಈಚಿನ ವರ್ಷಗಳಲ್ಲಿ ಅರ್ಥಶಾಸ್ತ್ರಜ್ಞರು ಬೇರೊಂದು ಪ್ರಶ್ನೆಯನ್ನು ಎತ್ತಿದ್ದಾರೆ. ಕೆಟ್ಟ ಗಾಳಿ ಮನುಷ್ಯನ ಬುದ್ಧಿಯ ದುಡಿಮೆಯನ್ನೂ ತಗ್ಗಿಸುವುದೇ? ಒಂದು ಊರಿನಲ್ಲಿ, ಒಂದು ನಾಡಿನಲ್ಲಿ ಹುಟ್ಟಬೇಕಾದ ಹೊಸ ಉಪಾಯಗಳು, ಹೊಸ ಕಸುಬುಗಳು, ಹೊಸ ಯಂತ್ರಗಳು ಈ ಕಾರಣದಿಂದ ಹುಟ್ಟದೆಯೇ ಹೋಗುವವೇ? ಹೊಗೆಗೂ ಯೋಚನೆಗೂ ಏನು ನಂಟು ಎಂದು ಮೊದಲಿಗೆ ನಗು ಬರಬಹುದು. ಆದರೆ ಈವರೆಗೆ ದೊರೆತಿರುವ ಸಾಕ್ಷ್ಯವನ್ನು ನೋಡಿದರೆ ನಗುವ ವಿಷಯ ಇದಲ್ಲವೆಂದು ತಿಳಿಯುತ್ತದೆ.

ಮೊದಲು ಗಾಳಿಯಲ್ಲಿ ಇರುವುದೇನು ಎಂಬುದನ್ನು ನೋಡೋಣ. ಹೊಗೆಯಲ್ಲಿ ಕಣ್ಣಿಗೆ ಕಾಣುವ ಮಸಿಗಿಂತ ಕಾಣದ ಕಣಗಳೇ ಹೆಚ್ಚು ಅಪಾಯದವು. ಒಂದು ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರೋಮೀಟರ್ ಎಂದು ಹೆಸರು. ನಮ್ಮ ತಲೆಗೂದಲಿನ ದಪ್ಪ ಸುಮಾರು ಐವತ್ತರಿಂದ ಎಪ್ಪತ್ತು ಮೈಕ್ರೋಮೀಟರ್. ಎರಡೂವರೆ ಮೈಕ್ರೋಮೀಟರಿಗಿಂತ ಸಣ್ಣದಾದ ಕಣಗಳನ್ನು ಶಾಸ್ತ್ರಜ್ಞರು ಪಿ.ಎಂ. 2.5 ಎಂದು ಕರೆಯುತ್ತಾರೆ. ರಸ್ತೆಯ ಒರಟು ಧೂಳನ್ನು ಮೂಗು ಗಂಟಲುಗಳು ಬಹುಮಟ್ಟಿಗೆ ತಡೆದು ಹಿಡಿಯುತ್ತವೆ. ಈ ಸಣ್ಣ ಕಣಗಳು ಮಾತ್ರ ಶ್ವಾಸಕೋಶದ ಕಟ್ಟಕಡೆಯ ಗಾಳಿಗೂಡಿನವರೆಗೂ ಇಳಿಯುತ್ತವೆ. ಅವುಗಳಲ್ಲಿಯೂ ಅತಿ ಸೂಕ್ಷ್ಮವಾದವು ಅಲ್ಲಿಂದ ರಕ್ತವನ್ನು ಸೇರುತ್ತವೆ. ದೇಹ ಇವನ್ನು ಶತ್ರುವೆಂದು ಬಗೆದು ಹೋರಾಡುವುದರಿಂದ ಒಳಗೊಳಗೇ ಉರಿಯೂತ ಉಂಟಾಗುತ್ತದೆ, ರಕ್ತನಾಳಗಳು ಬಿಗಿಯುತ್ತವೆ. ಮೂಗಿನ ಮೇಲ್ಭಾಗದಿಂದ ಮಿದುಳಿಗೆ ಹೋಗುವ ವಾಸನೆಯ ನರ ಇನ್ನೊಂದು ದಾರಿ. 2016ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದ ಬಾರ್ಬರಾ ಮಾಹರ್ ಮತ್ತು ಸಂಗಡಿಗರು ಮೆಕ್ಸಿಕೋ ನಗರ ಹಾಗೂ ಮ್ಯಾಂಚೆಸ್ಟರದಲ್ಲಿ ತೀರಿಕೊಂಡ 37 ಜನರ ಮಿದುಳನ್ನು ಪರೀಕ್ಷಿಸಿದಾಗ, ಬೆಂಕಿಯ ಶಾಖದಲ್ಲಿ ಹುಟ್ಟುವಂಥ ಗುಂಡನೆಯ ಅಯಸ್ಕಾಂತ ಕಣಗಳು ಅಲ್ಲಿ ಕಂಡುಬಂದವು. ಹೊರಗಿನ ಹೊಗೆ ತಲೆಯ ಒಳಕ್ಕೂ ಹೋಗಬಲ್ಲದೆಂಬುದಕ್ಕೆ ಇದೊಂದು ಪ್ರಬಲ ಸುಳಿವು.

ಕಣಗಳ ಜೊತೆಗೆ ಅನಿಲಗಳೂ ಇವೆ. ಗಾಳಿ ಸಾಲದ ಒಲೆಯಲ್ಲಿ ಕಟ್ಟಿಗೆ ಅರೆಬರೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ರಕ್ತದಲ್ಲಿ ಆಮ್ಲಜನಕವನ್ನು ಹೊತ್ತು ತಿರುಗುವ ಹಿಮೋಗ್ಲೋಬಿನ್, ಆಮ್ಲಜನಕಕ್ಕಿಂತ ಸುಮಾರು ಇನ್ನೂರು ಪಟ್ಟು ಹೆಚ್ಚು ಬಲವಾಗಿ ಈ ಅನಿಲವನ್ನು ಅಪ್ಪಿಕೊಳ್ಳುವುದು. ಸಂತೆಗೆ ಕಾಳು ಒಯ್ಯಬೇಕಾದ ಗಾಡಿಯಲ್ಲಿ ಕಲ್ಲು ತುಂಬಿದರೆ ಗಾಡಿಯೇನೋ ಓಡುತ್ತದೆ, ಸಂತೆಗೆ ಮುಟ್ಟುವ ಕಾಳು ಮಾತ್ರ ಕಡಿಮೆಯಾಗುತ್ತದೆ. ಮಿದುಳಿಗೆ ಬೇಕಾದಷ್ಟು ಆಮ್ಲಜನಕ ಮುಟ್ಟದಿದ್ದಾಗ ತಲೆ ಭಾರವಾಗುವುದು, ಮನಸ್ಸು ಒಂದು ಕಡೆ ನಿಲ್ಲದಿರುವುದು ಸಹಜ.

ಇದನ್ನು ರೇಡಿಯೋ ಇಟ್ಟ ಮನೆಯವರಿಗೆ ಬೇರೆ ರೀತಿಯಲ್ಲಿಯೂ ಹೇಳಬಹುದು. ಮಳೆಗಾಲದ ಸಂಜೆ ಮಿಂಚು ಹೊಡೆಯುವಾಗ ಸೆಟ್ಟಿನಲ್ಲಿ ಕರಕರ ಸದ್ದು ತುಂಬಿಕೊಳ್ಳುತ್ತದೆ. ಹಾಡುವವರ ಕಂಠ ಕೆಟ್ಟಿಲ್ಲ, ಸೆಟ್ಟೂ ಕೆಟ್ಟಿಲ್ಲ. ದೊಡ್ಡ ದನಿಯ ಮಾತು ಹೇಗೋ ತಿಳಿಯುತ್ತದೆ, ರಾಗದ ನವುರಾದ ಎಳೆ ಮಾತ್ರ ಕಿವಿಗೆ ಬೀಳುವುದಿಲ್ಲ. ಕೆಟ್ಟ ಗಾಳಿಯಲ್ಲಿ ಕೆಲಸ ಮಾಡುವ ಮಿದುಳಿನ ಅವಸ್ಥೆಯೂ ಹೆಚ್ಚು ಕಡಿಮೆ ಹೀಗೆಯೇ. ರೂಢಿಯ ಕೆಲಸ ನಡೆಯುತ್ತದೆ. ಹೊಸದನ್ನು ಯೋಚಿಸುವ, ಎರಡು ದೂರದ ಸಂಗತಿಗಳನ್ನು ಜೋಡಿಸುವ ಕೆಲಸ ಹಿಂದೆ ಬೀಳುತ್ತದೆ.

ಇದು ಬರಿಯ ಊಹೆಯಲ್ಲವೆಂದು ತೋರಿಸುವ ಪ್ರಯೋಗಗಳು ಹಲವು. ಜರ್ಮನಿಯಲ್ಲಿ ಮೂವರು ಸಂಶೋಧಕರು ಚದುರಂಗದ ಪಂದ್ಯಗಳು ನಡೆಯುವ ಕೋಣೆಯಲ್ಲಿ ಗಾಳಿಯನ್ನು ಅಳೆಯುವ ಉಪಕರಣಗಳನ್ನಿಟ್ಟರು. 121 ಆಟಗಾರರು ನಡೆಸಿದ 30,000ಕ್ಕೂ ಹೆಚ್ಚು ನಡೆಗಳನ್ನು ಗಣಕಯಂತ್ರದಿಂದ ಪರೀಕ್ಷಿಸಿ, ಯಾವುದು ಸರಿ ಯಾವುದು ತಪ್ಪು ಎಂದು ಗುರುತು ಹಾಕಿದರು. ಒಂದು ಘನ ಮೀಟರ್ ಗಾಳಿಯಲ್ಲಿ ಸೂಕ್ಷ್ಮ ಕಣಗಳು ಹತ್ತು ಮೈಕ್ರೋಗ್ರಾಂ ಹೆಚ್ಚಿದಾಗ, ತಪ್ಪು ನಡೆಯ ಸಂಭವ 2.1 ಶೇಕಡಾ ಅಂಶಗಳಷ್ಟು ಏರಿತು, ತಪ್ಪುಗಳ ಗಾತ್ರವೂ ನೂರಕ್ಕೆ 10.8ರಷ್ಟು ಹಿರಿದಾಯಿತು. ಗಡಿಯಾರ ಓಡುತ್ತಿರುವಾಗ, ಬೇಗ ನಿರ್ಧರಿಸಬೇಕಾದ ಒತ್ತಡದಲ್ಲಿ, ಕೆಡುಕು ಇನ್ನೂ ಹೆಚ್ಚು. ಈ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಇಸ್ರೇಲಿನಲ್ಲಿ 2000ದಿಂದ 2002ರವರೆಗೆ ನಡೆದ ಪ್ರೌಢಶಾಲೆಯ ಅಂತಿಮ ಪರೀಕ್ಷೆಗಳನ್ನು ಪರಿಶೀಲಿಸಿದವರು, ಒಬ್ಬನೇ ವಿದ್ಯಾರ್ಥಿ ಗಾಳಿ ಶುದ್ಧವಿದ್ದ ದಿನ ಬರೆದ ಪರೀಕ್ಷೆಗಿಂತ ಗಾಳಿ ಕೆಟ್ಟ ದಿನ ಬರೆದುದರಲ್ಲಿ ಕಡಿಮೆ ಅಂಕ ಪಡೆದಿರುವುದನ್ನು ಕಂಡರು. ಆ ಅಂಕಗಳ ಪರಿಣಾಮ ಮುಂದಿನ ಕಾಲೇಜು ಪ್ರವೇಶಕ್ಕೂ, ದೊಡ್ಡವರಾದ ಮೇಲಿನ ಸಂಬಳಕ್ಕೂ ತಟ್ಟಿತ್ತು. ಚೀನದಲ್ಲಿ ಪ್ರಯಾಣದ ಟಿಕೆಟ್ಟು ಕಾದಿರಿಸುವ ಒಂದು ಕಂಪನಿಯ ದೂರವಾಣಿ ಕಚೇರಿಗಳಲ್ಲಿ, ಗಾಳಿ ಕೆಟ್ಟ ದಿನ ನೌಕರರು ಮುಗಿಸಿದ ಕರೆಗಳ ಸಂಖ್ಯೆ ಇಳಿಯಿತು. ಅಲ್ಲಿ ವಿಶೇಷವೆಂದರೆ, ಒಂದೊಂದು ಕರೆಗೆ ಅವರು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ನಡುನಡುವೆ ಎದ್ದು ವಿಶ್ರಮಿಸುವ ಹೊತ್ತು ಹೆಚ್ಚಿತು. ದಣಿವು ಬಂದದ್ದು ಅವರ ಸೋಮಾರಿತನದಿಂದಲ್ಲ, ಗಾಳಿಯಿಂದ.

ನಮ್ಮ ರಾಜ್ಯದಲ್ಲಿಯೇ ನಡೆದ ಸಂಶೋಧನೆಯೊಂದು ಇನ್ನೂ ಕುತೂಹಲಕರವಾದುದು. ಬೆಂಗಳೂರಿನ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಸಾಲುಸಾಲಾಗಿ ಹೊಲಿಗೆಯ ಯಂತ್ರಗಳು; ಒಬ್ಬಳು ತೋಳು ಹೊಲಿದರೆ ಮತ್ತೊಬ್ಬಳು ಕಾಲರು, ಮಗದೊಬ್ಬಳು ಗುಂಡಿ. ಯಾವ ಸಾಲು ಎಷ್ಟು ಮುಗಿಸಿತೆಂಬ ಲೆಕ್ಕ ಅಲ್ಲಿ ಕ್ರಮವಾಗಿ ದಾಖಲಾಗುತ್ತದೆ. ಅಧ್ವರ್ಯು, ಕಾಲಾ, ನ್ಯಶಾಧಮ್ ಎಂಬ ಅರ್ಥಶಾಸ್ತ್ರಜ್ಞರು ಈ ಲೆಕ್ಕವನ್ನು ಅಲ್ಲಿಯ ಗಾಳಿಯ ಸೂಕ್ಷ್ಮ ಧೂಳಿನ ಅಳತೆಯ ಜೊತೆಗಿಟ್ಟು ನೋಡಿದರು. ಧೂಳು ಏರಿದಾಗ ಕೆಲಸ ಇಳಿಯುತ್ತಿತ್ತು. ಇದು ನಿರೀಕ್ಷಿತವೇ. ಆದರೆ ಎಲ್ಲ ಸಾಲುಗಳಲ್ಲಿಯೂ ಒಂದೇ ಸಮನಾಗಿ ಇಳಿಯುತ್ತಿರಲಿಲ್ಲ. ಒಬ್ಬರಿಗೆ ಧೂಳು ಬೇಗ ತಟ್ಟುವುದು, ಮತ್ತೊಬ್ಬರಿಗೆ ತಡವಾಗಿ. ತಮ್ಮ ಕೈಕೆಳಗಿನ ಹೆಣ್ಣುಮಕ್ಕಳನ್ನು ಚೆನ್ನಾಗಿ ಗಮನಿಸುವ ಮೇಲ್ವಿಚಾರಕರು ಯಾರು ಬಳಲಿದ್ದಾರೆಂದು ಅರಿತು, ಅವರನ್ನು ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಅಂಥವರ ಸಾಲಿನಲ್ಲಿ ನಷ್ಟ ಕಡಿಮೆ. ಗಮನಿಸದ ಮೇಲ್ವಿಚಾರಕರ ಸಾಲಿನಲ್ಲಿ ನಷ್ಟ ಹೆಚ್ಚು. ಅಂದರೆ ಕೆಟ್ಟ ಗಾಳಿಯ ಪೆಟ್ಟನ್ನು ಸ್ವಲ್ಪಮಟ್ಟಿಗಾದರೂ ತಗ್ಗಿಸಿದ್ದು ಒಬ್ಬ ಮನುಷ್ಯನ ಸಮಯೋಚಿತ ಬುದ್ಧಿ. ಆ ಮೇಲ್ವಿಚಾರಕರೂ ಅದೇ ಗಾಳಿಯನ್ನೇ ಉಸಿರಾಡುತ್ತಿದ್ದರೆಂಬುದನ್ನೂ ನೆನೆಯಬೇಕು.

ಇನ್ನು ನಮ್ಮ ಮುಖ್ಯ ಪ್ರಶ್ನೆಗೆ ಬರೋಣ. ದಿನದ ಕೆಲಸ ಕುಂದುವುದು ಬೇರೆ, ಹೊಸ ಶೋಧಗಳೇ ಕುಂದುವುದು ಬೇರೆ. ಇದನ್ನು ಅಳೆಯುವುದು ಸುಲಭವಲ್ಲ. ಹೊಗೆ ಹೆಚ್ಚಿರುವ ದೊಡ್ಡ ನಗರಗಳಲ್ಲಿಯೇ ಕಾರ್ಖಾನೆಗಳೂ ಕಾಲೇಜುಗಳೂ ಹೆಚ್ಚು. ಆದ್ದರಿಂದ ಶೋಧಗಳೂ ಅಲ್ಲಿಯೇ ಹೆಚ್ಚು. ಬೆಂಗಳೂರನ್ನೂ ಜೋಯಿಡಾದ ಕಾಡಿನ ಹಳ್ಳಿಯನ್ನೂ ಸುಮ್ಮನೆ ಹೋಲಿಸಿದರೆ, ಹೊಗೆಯಿದ್ದಲ್ಲಿಯೇ ಬುದ್ಧಿ ಬೆಳೆಯುವುದೆಂಬ ವಿಪರೀತ ತೀರ್ಮಾನಕ್ಕೆ ಬಂದೇವು! ಹಾಗಾದರೆ ದಾರಿ ಯಾವುದು? ಮನುಷ್ಯರ ಉದ್ಯೋಗಕ್ಕೆ ಸಂಬಂಧವಿಲ್ಲದ ಕಾರಣದಿಂದ ಗಾಳಿ ಕೆಡುವ ಸಂದರ್ಭಗಳನ್ನು ಹುಡುಕಬೇಕು. ನಿಸರ್ಗವೇ ಅಂಥ ಸಂದರ್ಭವನ್ನು ಒದಗಿಸುತ್ತದೆ. ತೇರಗಾಂವದ ಮೇಲೆ ಹಾಸಿಕೊಂಡ ಹೊಗೆಯನ್ನು ನೆನೆಯಿರಿ. ಸಾಮಾನ್ಯವಾಗಿ ನೆಲದ ಹತ್ತಿರದ ಗಾಳಿ ಬೆಚ್ಚಗೂ ಮೇಲಿನದು ತಣ್ಣಗೂ ಇರುವುದರಿಂದ ಹೊಗೆ ಏರಿ ಹೋಗುತ್ತದೆ. ಚಳಿಗಾಲದ ತಿಳಿಯಾದ ರಾತ್ರಿಯಲ್ಲಿ ನೆಲ ಬೇಗ ಆರಿ, ಕೆಳಗೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿಯ ಪದರ ಎಂದು ವ್ಯವಸ್ಥೆ ತಲೆಕೆಳಗಾಗುತ್ತದೆ. ಆ ಬೆಚ್ಚನೆಯ ಪದರ ಗಡಿಗೆಯ ಮೇಲಿನ ಮುಚ್ಚಳದಂತೆ ಹೊಗೆಯನ್ನು ಕೆಳಗೇ ಹಿಡಿಯುತ್ತದೆ. ಒಲೆಗಳು ಅಷ್ಟೇ, ಕಾರ್ಖಾನೆಗಳು ಅಷ್ಟೇ, ಮುಚ್ಚಳ ಬಿದ್ದ ದಿನ ಮಾತ್ರ ಗಾಳಿ ಕೆಡುತ್ತದೆ. ಇಂಥ ಮುಚ್ಚಳ ಹೆಚ್ಚು ಬಿದ್ದ ವರ್ಷವನ್ನೂ ಕಡಿಮೆ ಬಿದ್ದ ವರ್ಷವನ್ನೂ ಹೋಲಿಸಿದರೆ ಗಾಳಿಯೊಂದರ ಪರಿಣಾಮ ಬೇರ್ಪಟ್ಟು ಕಾಣುತ್ತದೆ.

ಹವಾಮಾನದ ಇಂಥ ವಿದ್ಯಮಾನಗಳ ನೆರವಿನಿಂದಲೇ ಫೆಲಿಕ್ಸ್ ಬ್ರಾಖ್ಟ್ ಮತ್ತು ಡೆನ್ನಿಸ್ ವೆರ್‌ಹೂವನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಯುರೋಪಿನ 1,288 ಪ್ರದೇಶಗಳನ್ನು ಅಭ್ಯಾಸ ಮಾಡಿದರು. ಹೊಸ ಶೋಧಗಳ ಅಳತೆಗೋಲಾಗಿ ಅವರು ತೆಗೆದುಕೊಂಡದ್ದು ಪೇಟೆಂಟುಗಳನ್ನು, ಎಂದರೆ ಶೋಧಕನಿಗೆ ಸರಕಾರ ಕೊಡುವ ಹಕ್ಕುಪತ್ರಗಳನ್ನು. ಯುರೋಪಿನಲ್ಲಿ ಸೂಕ್ಷ್ಮ ಕಣಗಳು ಸರಾಸರಿಯಾಗಿ ವರ್ಷಕ್ಕೆ 0.17 ಮೈಕ್ರೋಗ್ರಾಂನಷ್ಟು ಇಳಿಯುತ್ತ ಬಂದಿವೆ. ಅಷ್ಟು ಅಲ್ಪ ಇಳಿತದಿಂದಲೇ ಒಂದು ಪ್ರದೇಶದ ಶೋಧಗಳು ನೂರಕ್ಕೆ 1.7ರಷ್ಟು ಹೆಚ್ಚುವವೆಂದು ಅವರ ಲೆಕ್ಕ ಹೇಳುತ್ತದೆ. ಗಾಳಿಯನ್ನು ಶುದ್ಧಗೊಳಿಸುವ ಖರ್ಚಿಗೆ ಎದುರಾಗಿ ನಾವು ಸಾಮಾನ್ಯವಾಗಿ ಉಳಿದ ಆಸ್ಪತ್ರೆಯ ಖರ್ಚನ್ನು, ಉಳಿದ ಜೀವಗಳನ್ನು ಎಣಿಸುತ್ತೇವೆ. ಹುಟ್ಟದೆ ಹೋದ ಶೋಧವನ್ನು ಯಾವ ಜಮಾಖರ್ಚಿನಲ್ಲಿಯೂ ಬರೆದಿಡುವವರಿಲ್ಲ. ಈ ಅಭ್ಯಾಸದ ಮಹತ್ವ ಇರುವುದು ಆ ಬಿಟ್ಟುಹೋದ ಕಲಮನ್ನು ಲೆಕ್ಕಕ್ಕೆ ತಂದುದರಲ್ಲಿ.

ಯುರೋಪಿನ ಲೆಕ್ಕವನ್ನು ಹಾಗೆಯೇ ಎತ್ತಿ ಹಳಿಯಾಳಕ್ಕೆ ಅನ್ವಯಿಸುವುದು ಸರಿಯಲ್ಲ. ಅಲ್ಲಿಯ ಗಾಳಿ ಬೇರೆ, ಇಲ್ಲಿಯದು ಬೇರೆ. ಅಲ್ಲಿಯ ಶೋಧ ಪೇಟೆಂಟಿನ ಕಚೇರಿಗೆ ಹೋಗುತ್ತದೆ, ಇಲ್ಲಿಯದು ಬಹುಪಾಲು ಕುಲುಮೆಯಲ್ಲಿಯೇ ಉಳಿಯುತ್ತದೆ. ಎರೆ ನೆಲಕ್ಕೆ ಹೊಂದುವಂತೆ ಎಡೆಕುಂಟೆಯ ಕುಳವನ್ನು ತುಸು ಬಾಗಿಸಿ ಕೊಟ್ಟ ಕಮ್ಮಾರ, ಹಳೆಯ ಸೀರೆಗಳ ತುಣುಕುಗಳಿಂದ ಹೊಸ ಹೊಸ ಮಾದರಿಯ ಕೌದಿಯನ್ನು ಹೊಲಿದು ಪೇಟೆಗೆ ಕಳಿಸುವ ಸಿದ್ದಿ ಹೆಣ್ಣುಮಕ್ಕಳು, ಗೋವಿನಜೋಳದ ಸಾಲಿನ ನಡುವೆ ಏನು ಬಿತ್ತಿದರೆ ಲಾಭವೆಂದು ಪ್ರಯೋಗ ಮಾಡುವ ರೈತ, ಇವರೆಲ್ಲರೂ ಶೋಧಕರೇ. ಇವರ ಶೋಧಕ್ಕೆ ಹಕ್ಕುಪತ್ರವಿಲ್ಲ. ಆದರೆ ಊರಿನ ಸಂಪತ್ತು ಬೆಳೆಯುವುದು ಇಂಥ ಸಣ್ಣ ಸಣ್ಣ ಸುಧಾರಣೆಗಳಿಂದಲೇ. ಮಿದುಳು ಎಲ್ಲರದೂ ಒಂದೇ ಬಗೆಯದಾದ್ದರಿಂದ, ಚದುರಂಗದ ಆಟಗಾರನಿಗೆ ತಟ್ಟಿದ ಹೊಗೆ ಕಮ್ಮಾರನನ್ನು ಬಿಟ್ಟೀತೆಂದು ನಂಬಲು ಕಾರಣವಿಲ್ಲ.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು. ಕಾರ್ಖಾನೆಗಳಿಲ್ಲದೆ ಏಳಿಗೆಯೆಲ್ಲಿ? ದಾಂಡೇಲಿಯನ್ನೇ ನೋಡಿರಿ. ಕಾಡಿನ ನಡುವಣ ಆ ಊರಿನಲ್ಲಿ 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಕಾಗದದ ಗಿರಣಿ 1959ರಲ್ಲಿ ಉತ್ಪಾದನೆಯನ್ನು ಆರಂಭಿಸಿತು. ಅದರೊಡನೆ ಶಾಲೆಗಳು ಬಂದವು, ಅಂಗಡಿಗಳು ಬಂದವು, ದೂರದೂರದ ಕುಶಲಕರ್ಮಿಗಳು ಬಂದು ನೆಲೆಸಿದರು. ಮಕ್ಕಳು ಬರೆಯುವ ಕಾಗದವೂ ಇಂಥ ಗಿರಣಿಗಳಿಂದಲೇ ಬರುವುದು. ಈ ಮಾತು ನಿಜ. ಬಿದಿರು ಕಟ್ಟಿಗೆಗಳನ್ನು ಗಂಧಕದ ಲವಣಗಳಲ್ಲಿ ಬೇಯಿಸಿ ತಿರುಳು ತೆಗೆಯುವ ವಿಧಾನದಲ್ಲಿ, ಜಗತ್ತಿನ ಯಾವ ಭಾಗದಲ್ಲಿಯಾದರೂ, ಕೊಳೆತ ಮೊಟ್ಟೆಯಂಥ ವಾಸನೆಯ ಅನಿಲಗಳು ಹುಟ್ಟುವುದೂ ಅಷ್ಟೇ ನಿಜ. ಆ ಅನಿಲಗಳನ್ನು ಹಿಡಿದು ಕುಲುಮೆಯಲ್ಲಿ ಸುಡುವ, ಹೊಗೆಯೊಳಗಿನ ಕಣಗಳನ್ನು ವಿದ್ಯುತ್ತಿನಿಂದ ಸೆಳೆದು ನಿಲ್ಲಿಸುವ ಉಪಾಯಗಳು ಇಂದು ಇವೆ. ಅವೂ ಮನುಷ್ಯನ ಶೋಧಗಳೇ. ಕಾರ್ಖಾನೆ ಬೇಕೇ ಬೇಡವೇ ಎಂಬುದು ಇಂದಿನ ಪ್ರಶ್ನೆಯಲ್ಲ. ಹೊಗೆಯನ್ನು ತಡೆಯಲು ಮಾಡುವ ವೆಚ್ಚವನ್ನು ದಂಡವೆಂದು ಬರೆಯಬೇಕೇ, ಬಂಡವಾಳವೆಂದು ಬರೆಯಬೇಕೇ ಎಂಬುದು ಪ್ರಶ್ನೆ. ಮೇಲಿನ ಲೆಕ್ಕವನ್ನು ಒಪ್ಪುವುದಾದರೆ ಅದು ಬಂಡವಾಳದ ಕಡೆಗೇ ಸೇರಬೇಕು.

ನಮ್ಮ ದೇಶದ ಮಟ್ಟವೆಷ್ಟು? 2009ರಲ್ಲಿ ಗೊತ್ತುಪಡಿಸಿದಂತೆ, ವರ್ಷದ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಯಲ್ಲಿ ಸೂಕ್ಷ್ಮ ಕಣ 40 ಮೈಕ್ರೋಗ್ರಾಂ ಮೀರಕೂಡದು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ ಮಿತಿ ಕೇವಲ 5. 2019ರ ಜನವರಿಯಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಸೇರಿದ ನಗರಗಳು ನಾಲ್ಕು: ಬೆಂಗಳೂರು, ದಾವಣಗೆರೆ, ಕಲಬುರ್ಗಿ ಮತ್ತು ಹುಬ್ಬಳ್ಳಿ-ಧಾರವಾಡ. ಹಳಿಯಾಳದ ಮಕ್ಕಳು ಕಾಲೇಜಿಗೆಂದು ಹೋಗುವ ಧಾರವಾಡವೂ ಈ ಪಟ್ಟಿಯಲ್ಲಿದೆ.

ಆದರೆ ನಗರದ ಪಟ್ಟಿಯಲ್ಲಿ ಬರದ ಹೊಗೆ ಒಂದಿದೆ. ಅದು ಮನೆಯೊಳಗಿನದು. ಜಂತಿಗೆಲ್ಲ ಇಲ್ಲಣ ಕಟ್ಟಿದ ಅಡಿಗೆಮನೆಯಲ್ಲಿ ಊದುಗೊಳವೆ ಹಿಡಿದು ಕುಳಿತ ತಾಯಿ, ಒಲೆಯ ಬೆಳಕಿಗೋ ಬೆಚ್ಚಗಿರುವುದೆಂದೋ ಪಕ್ಕದಲ್ಲಿಯೇ ಪುಸ್ತಕ ಬಿಚ್ಚಿದ ಮಗು, ಇಬ್ಬರೂ ಉಸಿರಾಡುವ ಗಾಳಿ ಪೇಟೆಯ ವಾಹನಗಳ ನಡುವಿನ ಗಾಳಿಗಿಂತ ಕೆಟ್ಟದ್ದಿರಬಲ್ಲದು. ಈ ತೊಂದರೆಗೆ ಪರಿಹಾರ ಕಂಡ ಕನ್ನಡ ನಾಡಿನ ಶೋಧವೊಂದನ್ನು ಇಲ್ಲಿ ನೆನೆಯಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ 1974ರಲ್ಲಿ, ಅಮೂಲ್ಯ ರೆಡ್ಡಿಯವರ ಮುಂದಾಳುತನದಲ್ಲಿ, ಹಳ್ಳಿಗೆ ಒಗ್ಗುವ ತಂತ್ರವಿದ್ಯೆಗಾಗಿ ‘ಅಸ್ತ್ರ’ ಎಂಬ ಘಟಕ ಹುಟ್ಟಿತು. ಅಲ್ಲಿಯ ವಿಜ್ಞಾನಿಗಳು ಕುಣಿಗಲ್ ತಾಲೂಕಿನ ಹಳ್ಳಿಗಳಿಗೆ ಹೋಗಿ, ಒಂದು ಮನೆಗೆ ಎಷ್ಟು ಸೌದೆ ಬೇಕು, ಅದನ್ನು ತರಲು ಎಷ್ಟು ಹೊತ್ತು ಹಿಡಿಯುವುದು ಎಂದೆಲ್ಲ ಅಳೆದರು. ಅದರ ಫಲವಾಗಿ 1980ರ ದಶಕದಲ್ಲಿ ಬಂದದ್ದು ಅಸ್ತ್ರ ಒಲೆ. ಮುಚ್ಚಿದ ಗೂಡಿನಲ್ಲಿ ಜಾಲರಿಯ ಮೇಲೆ ಕಟ್ಟಿಗೆ. ಕೆಳಗಿನಿಂದ ಬೇಕಾದಷ್ಟೇ ಗಾಳಿ. ಒಂದೇ ಉರಿಯ ಶಾಖ ಮೂರು ಪಾತ್ರೆಗಳ ಕೆಳಗೆ ಹಾದು, ಕೊನೆಗೆ ಹೊಗೆ ಮಾತ್ರ ಕೊಳವೆಯಿಂದ ಮನೆಯಾಚೆಗೆ. ಸೌದೆ ಉಳಿಯಿತು, ಕಣ್ಣೂ ಉಳಿಯಿತು. ಮಣ್ಣು, ಇಟ್ಟಿಗೆ, ಒಂದು ಕೊಳವೆ ಬಿಟ್ಟರೆ ಅದಕ್ಕೆ ದುಬಾರಿ ಸಾಮಗ್ರಿ ಬೇಕಿರಲಿಲ್ಲ. 2016ರ ಮೇ ತಿಂಗಳಿನಿಂದ ಉಜ್ವಲಾ ಯೋಜನೆಯ ಮೂಲಕ ಅಡಿಗೆಯ ಅನಿಲ ಬಡ ಮನೆಗಳಿಗೂ ಮುಟ್ಟುತ್ತಿದೆ. ಸಿಲಿಂಡರು ಬಂದರೂ ಬಚ್ಚಲಿನ ಹಂಡೆಗೆ ಕಟ್ಟಿಗೆಯೇ ಉಳಿದ ಮನೆಗಳು ಎಷ್ಟೋ ಇವೆ.

ಪೇಟೆಯ ಮನೆಗಳವರು ಇದು ತಮಗೆ ಸಂಬಂಧಿಸಿದ ಮಾತಲ್ಲವೆಂದು ತಿಳಿಯಬಾರದು. ಸೊಳ್ಳೆಗೆಂದು ಮುಚ್ಚಿದ ಕೋಣೆಯಲ್ಲಿ ಹಚ್ಚಿಡುವ ಒಂದು ಬತ್ತಿಯ ಸುರುಳಿ ಪೂರ್ತಿ ಉರಿದಾಗ ಹೊರಬೀಳುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟುಗಳಿಂದ ಬರುವಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಪರೀಕ್ಷೆ ತಿಳಿಸಿತು. ಪರೀಕ್ಷೆಗೆ ಓದುವ ಮಗನ ಮೇಜಿನ ಕೆಳಗೆ ಅದನ್ನು ಹಚ್ಚಿಟ್ಟು, ಹತ್ತು ಗಂಟೆಗೆ ಅವನು ತೂಕಡಿಸಿದನೆಂದು ಗದರಿಸುವುದು ನ್ಯಾಯವಲ್ಲ. ಪರದೆ ಕಟ್ಟುವುದು ಹಳೆಯ ಪದ್ಧತಿಯಾದರೂ ಮೇಲು. ಹಂಡೆಯ ಒಲೆ ಬೇಗ ಹತ್ತಲೆಂದು ಪ್ಲಾಸ್ಟಿಕ್ ಚೀಲ ತುರುಕುವುದನ್ನು ಬಿಡಬೇಕು. ಒಲೆ ಉರಿಯುವ ಹೊತ್ತಿನಲ್ಲಿ ಬೆಳಕಿಂಡಿ ತೆರೆದಿರಲಿ. ಮಕ್ಕಳು ಓದುವ ಜಾಗ ಅಡಿಗೆಮನೆಯಿಂದ ದೂರವಿರಲಿ. ರೈತರು ಕಬ್ಬಿನ ರವದಿಯನ್ನು ಸುಡುವ ಬದಲು ಸಾಲಿನಲ್ಲಿಯೇ ಹೊದಿಸಿದರೆ ನೆಲದ ಹಸಿ ಉಳಿಯುತ್ತದೆ, ಕಳೆ ಅಡಗುತ್ತದೆ, ಕೊಳೆತ ಮೇಲೆ ಗೊಬ್ಬರವಾಗುತ್ತದೆ. ಇವು ಒಂದೊಂದು ಮನೆ ತಾನೇ ಮಾಡಬಹುದಾದ ಕೆಲಸಗಳು. ರಸ್ತೆಯ ಧೂಳು, ಕಸದ ರಾಶಿಗೆ ಇಡುವ ಬೆಂಕಿ, ವಾಹನಗಳ ಹೊಗೆ ಇವನ್ನು ತಡೆಯುವುದು ಪಂಚಾಯತಿ, ಪುರಸಭೆ, ಸರಕಾರಗಳ ಹೊಣೆ. ಅದನ್ನು ಕೇಳಿ ಮಾಡಿಸಿಕೊಳ್ಳುವುದು ನಾಗರಿಕರ ಹೊಣೆ.

ಹಳಿಯಾಳದ ಸೀಮೆಯಲ್ಲಿ ಕಬ್ಬು ಕಡಿದು ರವದಿ ಸುಡುವ ದಿನಗಳೂ, ಹತ್ತನೆಯ ತರಗತಿಯ ಮಕ್ಕಳು ಪರೀಕ್ಷೆಗೆ ಓದುವ ದಿನಗಳೂ ಬಹುಮಟ್ಟಿಗೆ ಒಂದೇ. ಮುಂಜಾನೆ ಬೇಗ ಎದ್ದು ಓದಿರೆಂದು ನಾವು ಮಕ್ಕಳಿಗೆ ಹೇಳುತ್ತೇವೆ. ಊರ ಮೇಲೆ ಹೊಗೆಯ ಹಾಸು ದಟ್ಟವಾಗಿರುವುದೂ ಆ ಮುಂಜಾನೆಯೇ. ತೇರಗಾಂವದ ಯಾವ ಮಗುವಿನ ತಲೆಯಲ್ಲಿ ನಾಳೆ ಅಸ್ತ್ರ ಒಲೆಯಂಥ ಮತ್ತೊಂದು ಉಪಾಯ ಹೊಳೆಯಲಿದೆಯೋ ನಮಗೆ ತಿಳಿಯದು. ತಿಳಿಯದಿರುವುದರಿಂದಲೇ ಎಲ್ಲ ಮಕ್ಕಳಿಗೂ ಒಳ್ಳೆಯ ಗಾಳಿ ಸಿಗುವಂತೆ ನೋಡಿಕೊಳ್ಳಬೇಕಾಗಿದೆ.